ನಾಲ್ಕು ತಿಂಗಳು ಮುಚ್ಚಿದ್ದ ಕ್ಲ್ಯಾರಿನೆಟ್ ಪೆಟ್ಟಿಗೆ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಿದೆ. ಇಲ್ಲಿ ಅವರನ್ನು ‘ಸ’ ಎನ್ನೋಣ.)

ಸ ಅವರಿಗೆ 52 ವರ್ಷ. ಮೂರು ವರ್ಷಗಳಿಂದ ಖುಷಿಗಾಗಿ ಕ್ಲ್ಯಾರಿನೆಟ್ ಊದುತ್ತಿದ್ದರು, ವಾರಕ್ಕೊಮ್ಮೆ ಹವ್ಯಾಸಿ ವಾದ್ಯವೃಂದದ ತಾಲೀಮಿಗೂ ಹೋಗುತ್ತಿದ್ದರು. ನನ್ನ ಬಳಿ ಆಪ್ತಸಲಹೆಗೆ ಬರುವ ಹೊತ್ತಿಗೆ ನಾಲ್ಕು ತಿಂಗಳಿಂದ ಪೆಟ್ಟಿಗೆಯನ್ನೇ ತೆರೆದಿರಲಿಲ್ಲ. ವೃಂದಕ್ಕೆ ವಾರಕ್ಕೊಂದು ನೆಪ. ನಿದ್ದೆ, ಊಟ, ಕೆಲಸ ಎಲ್ಲ ಸರಿಯಾಗಿದ್ದವು, ಖಿನ್ನತೆಯ ಲಕ್ಷಣಗಳು ಕಾಣಲಿಲ್ಲ. ಇದ್ದದ್ದು ನಾಚಿಕೆ. ತಾಲೀಮಿನಲ್ಲಿ ಎಲ್ಲರೂ ಮೆಲ್ಲಗೆ ನುಡಿಸುವ ಜಾಗದಲ್ಲೇ ಅವರ ವಾದ್ಯ ಕೀಚೆಂದಿತ್ತು, ಮುಂದಿನ ಸಾಲಿನವರು ತಿರುಗಿ ನೋಡಿದ್ದರು. “ಸಂಗೀತ ನನ್ನ ಹಣೇಲಿ ಬರೆದಿಲ್ಲ ಬಿಡಿ” ಅಂದರು.

ಇಂಥ ಮಾತಿಗೆ ತಕ್ಷಣ ಸಮಾಧಾನ ಹೇಳುವುದು ಸುಲಭ, ಉಪಯೋಗ ಕಡಿಮೆ. ವಾದ್ಯ ಕಿರುಚಿದ್ದು ನಿಜವೇ. ಯಾಕೆ ಕಿರುಚಿತು ಎಂದು ತಿಳಿಯುವ ತನಕ ಯಾವ ಧೈರ್ಯದ ಮಾತೂ ಅವರಿಗೆ ಮುಖಸ್ತುತಿಯಾಗಿಯೇ ಕೇಳುತ್ತದೆ. ಎರಡನೇ ಭೇಟಿಗೆ ವಾದ್ಯ ತರಲು ಹೇಳಿದೆ.

ಪೆಟ್ಟಿಗೆಯಲ್ಲಿದ್ದದ್ದು ಒಂದೇ ರೀಡ್, ಅಂದರೆ ಊದಿದಾಗ ಕಂಪಿಸಿ ಸ್ವರ ಹುಟ್ಟಿಸುವ ತೆಳು ಪಟ್ಟಿ. 3ನೇ ನಂಬರಿನದು (ನಂಬರು ಏರಿದಷ್ಟೂ ಗಡಸು), ತುದಿಯ ಒಂದು ಮೂಲೆ ಹಾರಿಹೋಗಿತ್ತು. ಅದನ್ನು ಬಾಯಲ್ಲಿಡುವ ಭಾಗವಾದ ಮೌತ್‌ಪೀಸ್‌ನ ತುದಿ ದಾಟಿ ಮೇಲೆ ಚಾಚುವಂತೆ ಕಟ್ಟಿದ್ದರು. ಅಷ್ಟು ಗಡಸು ರೀಡ್ ನುಡಿಯಲೆಂದು ಕೆಳದವಡೆಯಿಂದ ಕಚ್ಚಿ ಹಿಡಿಯುವ ಅಭ್ಯಾಸ ಬೇರೆ; ತುಟಿಯ ಒಳಗೆ ಹಲ್ಲಿನ ಗುರುತು ಬೀಳುತ್ತಿತ್ತಂತೆ. ಕಚ್ಚಿದಷ್ಟೂ ರೀಡಿಗೂ ಮೌತ್‌ಪೀಸಿಗೂ ನಡುವಿನ ಸಂದು ಕಿರಿದಾಗುತ್ತದೆ, ಶ್ರುತಿ ಏರುತ್ತದೆ, ಸ್ವರ ಕೈತಪ್ಪಿ ಮೇಲಕ್ಕೆ ಹಾರುತ್ತದೆ.

ದೋಷ ಎಲ್ಲಿದೆ ಎಂದು ಹುಡುಕಲು ಮೌತ್‌ಪೀಸ್ ಮತ್ತು ಅದರ ಕೆಳಗಿನ ಗಿಡ್ಡ ಕೊಳವೆಯಾದ ಬ್ಯಾರಲ್ ಎರಡನ್ನೇ ಜೋಡಿಸಿ ಊದಿಸಿದೆ. ಬಿ-ಫ್ಲ್ಯಾಟ್ ಕ್ಲ್ಯಾರಿನೆಟ್‌ನಲ್ಲಿ ಹೀಗೆ ಊದಿದರೆ ಪಿಯಾನೋದ ಎಫ್-ಶಾರ್ಪ್ ಆಸುಪಾಸಿನ ಸ್ವರ ಬರಬೇಕು. ಅದನ್ನು 8ರಿಂದ 10 ಸೆಕೆಂಡು ಅಲುಗದಂತೆ ಹಿಡಿಯಲು ಬಂದರೆ ರೀಡೂ ತುಟಿಯೂ ಸರಿ, ತಪ್ಪು ಬೆರಳಿನಲ್ಲೋ ರಂಧ್ರ ಮುಚ್ಚುವ ಪ್ಯಾಡಿನಲ್ಲೋ ಇದೆ. ಇಲ್ಲೇ ಕಿರುಚಿದರೆ ಬೆರಳನ್ನು ಬೈದು ಫಲವಿಲ್ಲ. ಹಳೆಯ ರೀಡಿನಲ್ಲಿ ಕಿರುಚಿತು. ಹೊಸ 2.5 ನಂಬರಿನದು ಹಾಕಿದಾಗ ಸ್ವರ ನೆಟ್ಟಗೆ ನಿಂತಿತು. ಸ ಅವರು ಮೌತ್‌ಪೀಸನ್ನು ತಿರುಗಿಸಿ ತಿರುಗಿಸಿ ನೋಡಿದರು.

ವಾದ್ಯ ಪೂರ್ತಿ ಜೋಡಿಸಿದ ಮೇಲೆ ಒಂದು ಜಾಗ ಮಾತ್ರ ಉಳಿಯಿತು: ನಡುವಿನ ಎ ಸ್ವರದಿಂದ ಪಕ್ಕದ ಬಿ ಸ್ವರಕ್ಕೆ ಏರುವಾಗ. ಕೊಳಲಿನಲ್ಲಿ ಉಸಿರಿನ ಬಿರುಸು ಹೆಚ್ಚಿಸಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ. ಕ್ಲ್ಯಾರಿನೆಟ್ ಹಾಗಲ್ಲ, ಬಹುಪಾಲು ಒಂದೇ ಅಗಲದ, ಮೌತ್‌ಪೀಸ್ ಕಡೆ ಮುಚ್ಚಿದ ಕೊಳವೆಯಂತೆ ವರ್ತಿಸುವುದರಿಂದ ಅದು ಮೇಲಿನ ಸ್ಥಾಯಿಯ ಅದೇ ಸ್ವರವನ್ನೂ ದಾಟಿ, ಸ್ವರಶ್ರೇಣಿಯಲ್ಲಿ ಎಣಿಸಿದರೆ ಹನ್ನೆರಡನೆಯದಾಗುವ ಸ್ವರಕ್ಕೆ ಜಿಗಿಯುತ್ತದೆ. ಎ ಗೆ ಎಡಗೈ ತೋರುಬೆರಳೊಂದೇ ಸಾಕು. ಪಕ್ಕದ ಬಿ ಗೆ ಎಲ್ಲ ರಂಧ್ರ ಮುಚ್ಚಿ, ಕಿರುಬೆರಳು ಕೀ ಮೇಲೆ ಕೂತು, ಹೆಬ್ಬೆರಳು ಈ ಜಿಗಿತ ಮಾಡಿಸುವ ರಿಜಿಸ್ಟರ್ ಕೀ ಒತ್ತಬೇಕು, ಅದೂ ಒಂದೇ ಕ್ಷಣಕ್ಕೆ. ಬಲಗೈ ಉಂಗುರ ಬೆರಳು ಕೂದಲೆಳೆಯಷ್ಟು ಸರಿದಿದ್ದರೂ ಕೀಚು. ಕಲಿಯುವವರೆಲ್ಲ ಎಡವುವ ಹೊಸ್ತಿಲು ಇದು.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ರೀಡಿನದು. ನಾಲ್ಕು ರೀಡುಗಳಿಗೆ ಗುರುತು ಹಾಕಿ ಸರದಿಯಲ್ಲಿ ಬಳಸುವುದು. ಹೊಸದನ್ನು ಮೊದಲ ಕೆಲವು ದಿನ 5ರಿಂದ 10 ನಿಮಿಷಕ್ಕಿಂತ ಹೆಚ್ಚು ಊದಬಾರದು. ಒಂದೆರಡು ನಿಮಿಷ ನೀರಿನಲ್ಲಿ ನೆನೆಸಿ, ರೀಡಿನ ತುದಿಯ ಹಿಂದೆ ಮೌತ್‌ಪೀಸ್‌ನ ಕಪ್ಪು ಅಂಚು ಕೂದಲೆಳೆಯಷ್ಟೇ ಕಾಣುವಂತೆ ಕೂರಿಸಿ, ರೀಡನ್ನು ಹಿಡಿದಿಡುವ ಲಿಗೇಚರ್ ಪಟ್ಟಿಯ ತಿರುಪನ್ನು ರೀಡ್ ಜಾರದಷ್ಟು ಮಾತ್ರ ಬಿಗಿ ಮಾಡಬೇಕು. ಆಮೇಲೆ ಒರೆಸಿ, ಚಪ್ಪಟೆಯಾಗಿ ಇಡುವುದು.

ಹೊಸ್ತಿಲಿಗೆ ಮದ್ದು ಎರಡು. ಕೆಳಗಿನ ಇ ಸ್ವರ ಹಿಡಿದು, ಬೇರೇನೂ ಅಲುಗಿಸದೆ ರಿಜಿಸ್ಟರ್ ಕೀ ಒತ್ತಿದರೆ ಅದೇ ಬಿ ಬರುತ್ತದೆ. ದಿನಕ್ಕೆ ಹತ್ತು ಸಲ ಹಾಗೆ ಮಾಡುವುದು. ಎ ಇಂದ ಏರುವಾಗ ಬಲಗೈ ಬೆರಳುಗಳನ್ನು ಮೊದಲೇ ರಂಧ್ರಗಳ ಮೇಲೆ ಇಟ್ಟುಕೊಳ್ಳುವುದು. ಎ ಸ್ವರಕ್ಕೆ ಅದರಿಂದ ತೊಂದರೆಯಿಲ್ಲ.

ಅಭ್ಯಾಸದ ಕ್ರಮವೂ ಕೆಟ್ಟಿತ್ತು. ಭಾನುವಾರ ಒಂದೇ ದಿನ 75 ನಿಮಿಷ ಕೂತು, ವೃಂದದ ಅತಿ ಕಷ್ಟದ ಸಾಲಿನಿಂದ ಶುರುಮಾಡಿ, ತುಟಿ ಸೋತಾಗ ನಿಲ್ಲಿಸುತ್ತಿದ್ದರು. ಪ್ರತಿ ಸಲವೂ ಸೋತ ಜಾಗದಲ್ಲೇ ಪೆಟ್ಟಿಗೆ ಮುಚ್ಚಿದರೆ ಮತ್ತೆ ತೆರೆಯಲು ಮನಸ್ಸು ಯಾಕೆ ಬಂದೀತು? ಬದಲಿಗೆ ವಾರಕ್ಕೆ ಐದು ದಿನ, 20 ನಿಮಿಷ: 5 ನಿಮಿಷ ದೀರ್ಘ ಸ್ವರ, 7 ನಿಮಿಷ ಒಂದೇ ಒಂದು ತೊಡಕನ್ನು ನಿಮಿಷಕ್ಕೆ 60 ಬಡಿತದ ಮೆಟ್ರೊನೋಮ್ ಲಯದಲ್ಲಿ, ಉಳಿದ 8 ನಿಮಿಷ ಇಷ್ಟದ ರಾಗ. ಈ ಕೊನೆಯ ಭಾಗದಲ್ಲಿ ತಪ್ಪಿದರೂ ನಿಲ್ಲುವಂತಿಲ್ಲ.

ಜೊತೆಗೆ ಎರಡು ಕಾಲಮ್ಮಿನ ಪುಸ್ತಕ. ಎಡಕ್ಕೆ ಆದದ್ದು, ಬಲಕ್ಕೆ ಆಗ ತನಗೆ ತಾನು ಅಂದುಕೊಂಡದ್ದು. ಮೊದಲ ವಾರ ಬಲಗಡೆ “ಯೋಗ್ಯತೆ ಇಲ್ಲ” ಎಂದೇ ಐದು ಸಲ. ಮೂರನೇ ವಾರ “ಉಂಗುರ ಬೆರಳು” ಎಂದು ಬರೆದುಕೊಂಡಿದ್ದರು. ತಾಲೀಮಿಗೆ ಮುಂಚೆ ನಿಧಾನವಾಗಿ ಉಸಿರು ಬಿಡುವ ಅಭ್ಯಾಸವನ್ನೂ ಹೇಳಿಕೊಟ್ಟೆ, ಒಂದು ಎಚ್ಚರಿಕೆಯೊಡನೆ: ಊದುವಾಗ ಭುಜ ಸಡಿಲವಿರಲಿ, ಹೊಟ್ಟೆಯ ಆಸರೆ ಸಡಿಲಬಾರದು. ಗಾಳಿಯ ಒತ್ತಡ ಇಳಿದರೆ ಸ್ವರವೂ ನಡುಗುತ್ತದೆ, ಅದನ್ನು ಕೇಳಿ ಭಯ ಹೆಚ್ಚುತ್ತದೆ.

ಬಲ ಹೆಬ್ಬೆರಳು ನೋಯುತ್ತಿತ್ತು. ಸುಮಾರು 800 ಗ್ರಾಂ ವಾದ್ಯದ ಭಾರ ಹೆಚ್ಚುಕಮ್ಮಿ ಅದರ ಮೇಲೆಯೇ. ಕುತ್ತಿಗೆ ಪಟ್ಟಿ ಹಾಕಿಸಿದ್ದಾಯಿತು. ಜೋಮು ಹಿಡಿದರೆ ವೈದ್ಯರ ಬಳಿ ಹೋಗಬೇಕೆಂದೂ ಹೇಳಿದೆ.

ಮನೆಯವರಿಗೆ ಸದ್ದಿನ ಕಿರಿಕಿರಿ ಎಂದು ವಾದ್ಯದ ಕೆಳತುದಿಯ ಅಗಲ ಬಾಯಿಗೆ ಬಟ್ಟೆ ತುರುಕುತ್ತಿದ್ದರು. ತುತ್ತೂರಿಗೆ ಅದು ನಡೆದೀತು. ಇಲ್ಲಿ ಬಹುಪಾಲು ಸದ್ದು ತೆರೆದ ರಂಧ್ರಗಳಿಂದಲೇ ಹೊರಬರುವುದರಿಂದ ಬಟ್ಟೆಯಿಂದ ಕೆಡುವುದು ಮುಖ್ಯವಾಗಿ ಅತಿ ಕೆಳಗಿನ ಸ್ವರಗಳು, ಜೊತೆಗೆ ಎಲ್ಲ ರಂಧ್ರ ಮುಚ್ಚಿ ನುಡಿಸುವ ಆ ಬಿ. ಅದಕ್ಕಿಂತ 20 ನಿಮಿಷದ ಹೊತ್ತನ್ನು ಮೊದಲೇ ಹೇಳಿಟ್ಟು, ಬಟ್ಟೆಯ ಕಪಾಟು, ದಪ್ಪ ಪರದೆ ಇರುವ ಕೋಣೆಯಲ್ಲಿ ಊದುವುದು ಮೇಲು.

ವೃಂದದಲ್ಲಿ ಮೂರನೇ ಕ್ಲ್ಯಾರಿನೆಟ್ ಭಾಗ ಕೇಳುತ್ತೇನೆಂದರು. ಸುಲಭವಿದ್ದೀತೆಂದು ನಂಬಬೇಡಿ ಎಂದೆ. ಆ ಭಾಗ ತಗ್ಗಿನಲ್ಲಿದ್ದರೂ ಅದೇ ಹೊಸ್ತಿಲನ್ನು ಪದೇ ಪದೇ ದಾಟಿಸುತ್ತದೆ. ಬದಲಿಗೆ ವೇಗದ ಸಾಲುಗಳಲ್ಲಿ ಪ್ರತಿ ಬಾರ್‌ನ (ತಾಳದ ಒಂದು ಖಂಡದ) ಮೊದಲ ಸ್ವರವನ್ನಷ್ಟೇ ನುಡಿಸಲು ವೃಂದ ನಡೆಸುವವರ ಒಪ್ಪಿಗೆ ಪಡೆದರು.

ಎಂಟನೇ ವಾರ ತಾಲೀಮಿಗೆ ಮರಳಿದರು. ಎರಡು ಸಲ ಕೀಚಿತಂತೆ. ಒಂದು ಬೆರಳಿನದು. ಇನ್ನೊಂದಕ್ಕೆ ಕಾರಣ ಸಿಗದೆ, ಪ್ಯಾಡ್ ಸೋರುತ್ತಿದೆಯೇ ನೋಡಿಸಲು ರಿಪೇರಿಯವರಿಗೆ ಕೊಟ್ಟಿದ್ದಾರೆ.