ಹಿಂದಿನ ಬೆಡ್ ಬಿಟ್ಟು ಮುಂದಿನ ಬೆಡ್‌ಗೆ ಬಾ

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಮಂಡ್ಯದ ಹತ್ತಿರ ಹಳ್ಳಿ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೂರು ವರ್ಷದಿಂದ ಮೈಸೂರಿನ ಒಂದು ಆಸ್ಪತ್ರೆಯಲ್ಲಿದ್ದೇನೆ. ಅಮೆರಿಕದಲ್ಲಿ ನರ್ಸ್ ಆಗಲು ಎನ್‌ಕ್ಲೆಕ್ಸ್ ಪರೀಕ್ಷೆ ಕಟ್ಟಿದ್ದೇನೆ. ಬೆಂಗಳೂರಿನಲ್ಲಿ ಸೆಂಟರ್, ಇನ್ನು ಮೂರು ವಾರ ಇದೆ. ಫೀಸಿಗೆ ಅಪ್ಪ ಕಬ್ಬಿನ ದುಡ್ಡು ಕೊಟ್ಟಿದ್ದಾರೆ. ಓದಿಕೊಂಡಿದ್ದೇನೆ. ಆದರೆ ಮಾಕ್ ಟೆಸ್ಟ್‌ಗೆ ಕೂತರೆ ಕೈ ತಣ್ಣಗಾಗುತ್ತದೆ, ಎದೆ ಡವಡವ ಅನ್ನುತ್ತದೆ. ಪ್ರಶ್ನೆ ಕಷ್ಟವಾದಷ್ಟೂ ‘ನಾನು ಫೇಲ್’ ಅನಿಸಿ ಅಳು ಬರುತ್ತದೆ. ನೈಟ್ ಡ್ಯೂಟಿ ಬೇರೆ. ಏನು ಮಾಡಲಿ?
– ಹೆಸರು ಬೇಡ, ಮಂಡ್ಯ

ಉತ್ತರ: ಮಗಳೇ, ನಿನ್ನ ಕಾಗದ ಎರಡು ಸಲ ಓದಿದೆ. ಕಬ್ಬಿನ ದುಡ್ಡಿನ ಸಾಲಿನಲ್ಲಿ ನಿನ್ನ ಅಕ್ಷರ ಓರೆಯಾಗಿದೆ. ಭಾರ ಅಲ್ಲೇ ಇದೆ ಅಂತ ಗೊತ್ತಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಷ್ಟದ ಪ್ರಶ್ನೆಯ ವಿಷಯ. ಈ ಪರೀಕ್ಷೆ ನಮ್ಮ ಯೂನಿವರ್ಸಿಟಿ ಪರೀಕ್ಷೆ ಥರ ಅಲ್ಲ. ನೀನು ಸರಿ ಉತ್ತರ ಕೊಟ್ಟರೆ ಕಂಪ್ಯೂಟರ್ ಮುಂದೆ ಸ್ವಲ್ಪ ಕಷ್ಟದ್ದು ಕೊಡುತ್ತದೆ. ತಪ್ಪಾದರೆ ಸ್ವಲ್ಪ ಸುಲಭದ್ದು. ಹಾಗಾಗಿ ಚೆನ್ನಾಗಿ ಓದಿದ ಹುಡುಗಿಗೂ ಸುಮಾರು ಅರ್ಧ ಪ್ರಶ್ನೆ ತಪ್ಪಾಗಬಹುದು. ಕಷ್ಟ ಆಗುತ್ತಿದೆ ಅಂದರೆ ನೀನು ಮೇಲಕ್ಕೆ ಹತ್ತುತ್ತಿದ್ದೀಯ ಅಂತಲೇ ಜಾಸ್ತಿ ಸಲ ಅರ್ಥ. ಕಡಿಮೆ ಅಂದರೆ 85 ಪ್ರಶ್ನೆ, ಹೆಚ್ಚೆಂದರೆ 150, ಐದು ಗಂಟೆ ಸಮಯ. 85ಕ್ಕೇ ನಿಂತರೂ ಪಾಸ್ ಆಗಿರಬಹುದು, ಫೇಲ್ ಆಗಿರಬಹುದು. 150ರವರೆಗೆ ಹೋದರೂ ಅಷ್ಟೇ. ಅದರಲ್ಲಿ 15 ಪ್ರಶ್ನೆ ಬರೀ ಪ್ರಯೋಗಕ್ಕೆ, ಅವಕ್ಕೆ ಅಂಕವೇ ಇಲ್ಲ. ಯಾವುವು ಅಂತ ನಿನಗೆ ಹೇಳುವುದಿಲ್ಲ. ಎಲ್ಲೂ ಕೇಳಿರದ ಪ್ರಶ್ನೆ ಬಂದರೆ ಇದು ಆ 15ರಲ್ಲಿ ಒಂದು ಇರಬಹುದು ಅಂದುಕೊಂಡು, ತೋಚಿದ್ದನ್ನು ಒತ್ತಿ ಮುಂದೆ ಹೋಗು. ಒತ್ತಿದ ಮೇಲೆ ಹಿಂದಕ್ಕೆ ಬರಲು ದಾರಿಯೇ ಇಲ್ಲ.

ಈ ಹಿಂದಕ್ಕೆ ಬರಲಾಗದ ವಿಷಯಕ್ಕೇ ಜಾಸ್ತಿ ಹುಡುಗಿಯರು ಹೆದರುತ್ತಾರೆ. ನನಗೆ ಅದೇ ನಿನ್ನ ಆಸರೆ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ನನ್ನ ಪ್ರಾಕ್ಟಿಕಲ್ ಪರೀಕ್ಷೆ ದಿನ. ಮೈಸೂರು, ಹೆಂಗಸರ ವಾರ್ಡ್. ಡ್ರೆಸಿಂಗ್ ಮಾಡಿ ತೋರಿಸಬೇಕಿತ್ತು. ಎಕ್ಸಾಮಿನರ್ ಪಕ್ಕದಲ್ಲಿ ನಿಂತ ಕೂಡಲೇ ನನ್ನ ಕೈಯಲ್ಲಿದ್ದ ಕಿಡ್ನಿ ಟ್ರೇಯಲ್ಲಿ ಫೋರ್ಸೆಪ್ಸ್ ಗಲಗಲ ಅಲುಗಾಡಿತು. ಇಡೀ ವಾರ್ಡಿಗೆ ಕೇಳಿಸುವಷ್ಟು ಸದ್ದು. ಅಷ್ಟರಲ್ಲಾಗಲೇ ಗಾಯಕ್ಕೆ ಹಾಕುವ ತೆಳು ಬಟ್ಟೆಯ ಒಂದು ಗಾಜ್ ಪೀಸ್ ಮುಟ್ಟಬಾರದ ಕಡೆ ಮುಟ್ಟಿಸಿದ್ದೆ. ನನ್ನ ತಲೆಯೆಲ್ಲ ಆ ಗಾಜ್ ಪೀಸ್ ಮೇಲೆ. ವಾರ್ಡ್ ಸಿಸ್ಟರ್ ಹತ್ತಿರ ಬಂದು ಮೆಲ್ಲಗೆ ಹೇಳಿದರು: ‘ಆ ಅಮ್ಮನ ಮುಖ ನೋಡು.’ ನೋಡಿದೆ. ಆಕೆ ಹಲ್ಲು ಕಚ್ಚಿಕೊಂಡು ಸೆರಗು ಹಿಡಿದಿದ್ದರು. ‘ನೋಯ್ತಾ ಇದೆಯಾ ಅಮ್ಮ?’ ಅಂದೆ. ಹೂಂ ಅಂದರು. ಆಮೇಲೆ ಟ್ರೇ ಸದ್ದು ಮಾಡಿದ್ದು ನೆನಪಿಲ್ಲ. ಹೊಸ ಗಾಜ್ ತೆಗೆದುಕೊಂಡು ಕೆಲಸ ಮುಗಿಸಿದೆ.

ಮೂರು ವರ್ಷದಿಂದ ನೀನೂ ಇದನ್ನೇ ಮಾಡುತ್ತಿದ್ದೀಯ. ಆರನೇ ಬೆಡ್‌ನಲ್ಲಿ ವೇನ್ ಸಿಗದೆ ಎರಡು ಸಲ ಚುಚ್ಚಿದ್ದೀಯ ಅಂತ ಏಳನೇ ಬೆಡ್ ಹತ್ತಿರ ನಿಂತು ಅಳುತ್ತೀಯಾ? ಇಲ್ಲ ಅಲ್ವಾ. ಪ್ರಶ್ನೆಯನ್ನೂ ಹಾಗೇ ಓದು. ‘65 ವರ್ಷದ ಗಂಡಸು, ಉಸಿರಾಟದ ತೊಂದರೆ’ ಅಂತಿದ್ದರೆ ದಿಂಬಿಗೆ ಒರಗಿ ಕೂತ ಒಬ್ಬ ಅಜ್ಜನನ್ನು ಕಣ್ಮುಂದೆ ತಂದುಕೋ. ಉತ್ತರ ಒತ್ತಿದ ಮೇಲೆ ಆ ಅಜ್ಜನ ಬೆಡ್ ಬಿಟ್ಟು ಬಾ.

ಇನ್ನೊಂದು ಮಾತು, ಅನುಭವ ಇರುವವರೇ ಎಡವುವ ಜಾಗ. ನಮ್ಮ ವಾರ್ಡಿನಲ್ಲಿ ಒಬ್ಬಳೇ ನರ್ಸ್ ಬಹಳ ಜನರನ್ನು ನೋಡಬೇಕು. ಯಾರ ಮನೆಯವರು ಜೋರಾಗಿ ಕೂಗುತ್ತಾರೋ ಅಲ್ಲಿಗೆ ಮೊದಲು ಓಡುತ್ತೇವೆ. ಪರೀಕ್ಷೆಯ ಆಸ್ಪತ್ರೆಯಲ್ಲಿ ಸಾಮಾನು, ಜನ, ಸಮಯ ಎಲ್ಲ ಇದೆ ಅಂತ ಲೆಕ್ಕ. ನಾಲ್ಕು ಜನರಲ್ಲಿ ಯಾರನ್ನು ಮೊದಲು ನೋಡುತ್ತೀಯ ಅಂತ ಕೇಳುತ್ತಾರೆ. ಒಬ್ಬರಿಗೆ ಆಪರೇಷನ್ ಆದ ಎರಡನೇ ದಿನದ ನೋವು. ಒಬ್ಬರಿಗೆ ಶುಗರ್ 180. ಒಬ್ಬರು ಡಿಸ್ಚಾರ್ಜ್‌ಗೆ ಕಾಯುತ್ತಿದ್ದಾರೆ. ಇನ್ನೊಬ್ಬರಿಗೆ ಥೈರಾಯ್ಡ್ ಆಪರೇಷನ್ ಆಗಿದೆ, ಉಸಿರು ಎಳೆದುಕೊಳ್ಳುವಾಗ ಗೊರಗೊರ ಸದ್ದು. ನೋವಿನವರು ಎಷ್ಟೇ ನರಳಲಿ, ಶ್ವಾಸನಾಳ ಮುಚ್ಚಿಕೊಳ್ಳುತ್ತಿರುವವರ ಹತ್ತಿರವೇ ಮೊದಲು ಹೋಗಬೇಕು. ಮೊದಲ ವರ್ಷದಲ್ಲಿ ಬಾಯಿಪಾಠ ಮಾಡಿದ ಏರ್‌ವೇ, ಬ್ರೀದಿಂಗ್, ಸರ್ಕ್ಯುಲೇಷನ್ (ಮೊದಲು ಶ್ವಾಸನಾಳ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ) ಕ್ರಮವೇ ಇಲ್ಲಿ ಕೆಲಸಕ್ಕೆ ಬರುವುದು. ತೂಕ ಪೌಂಡಿನಲ್ಲಿ ಕೊಟ್ಟರೆ ಗಾಬರಿ ಬೇಡ, 2.2ರಿಂದ ಭಾಗಿಸಿದರೆ ಕೆ.ಜಿ.

ಕೈ ತಣ್ಣಗಾಗುವುದು ಅಡ್ರಿನಾಲಿನ್ ಕೆಲಸ, ನೀನು ಓದಿದ್ದೀಯ. ರಕ್ತ ಬೆರಳು ಬಿಟ್ಟು ದೊಡ್ಡ ಸ್ನಾಯುಗಳ ಕಡೆ ಹೋಗುತ್ತದೆ. ಅದನ್ನು ಕಾಯಿಲೆ ಅಂದುಕೊಳ್ಳಬೇಡ. ಅಂಗೈ ಉಜ್ಜಿ ತೊಡೆ ಮೇಲೆ ಇಟ್ಟುಕೋ. ಉಸಿರು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು, ಐದಾರು ಸಲ. ಎದೆಬಡಿತ ಇಳಿಯುತ್ತದೆ. ಇದನ್ನು ಇವತ್ತಿನಿಂದ ಪ್ರತಿ ಮಾಕ್ ಟೆಸ್ಟ್‌ನಲ್ಲೂ ಮಾಡು. ಆ ದಿನ ಹೊಸದಾಗಿ ಮಾಡಿದರೆ ಕೈಗೆ ಹತ್ತುವುದಿಲ್ಲ. ಹೀಗೆಲ್ಲ ಮಾಡಿಯೂ ನಿದ್ದೆ, ಊಟ ಎರಡೂ ಕೆಟ್ಟರೆ ತಡ ಮಾಡದೆ ಡಾಕ್ಟರಿಗೆ ತೋರಿಸು.

ನೈಟ್ ಡ್ಯೂಟಿಗೆ ಉಸಿರಿನಿಂದ ಪರಿಹಾರ ಇಲ್ಲ. ಇನ್‌ಚಾರ್ಜ್ ಹತ್ತಿರ ಹೋಗಿ ಕೊನೆಯ ಹತ್ತು ದಿನವಾದರೂ ಡೇ ಡ್ಯೂಟಿ ಕೇಳು. ಗೆಳತಿಯರ ಜೊತೆ ಬದಲಾಯಿಸಿಕೋ, ಆಮೇಲೆ ಅವರ ನೈಟ್ ನೀನು ಮಾಡಿಕೊಡು. ಪರೀಕ್ಷೆ ಯಾವ ಹೊತ್ತಿಗಿದೆಯೋ ಅದೇ ಹೊತ್ತಿಗೆ ಮಾಕ್ ಟೆಸ್ಟ್‌ಗೆ ಕೂರು. ತಪ್ಪಾದ ಪ್ರಶ್ನೆಗೆ ‘ನಾನು ಯಾಕೆ ಹಾಗೆ ಯೋಚಿಸಿದೆ’ ಅಂತ ಒಂದೇ ಸಾಲು ಬರೆದಿಡು.

ಪಾಸ್‌ಪೋರ್ಟ್ ಇವತ್ತೇ ತೆಗೆದು ನೋಡು. ನಮ್ಮ ಕಡೆ ಇನಿಷಿಯಲ್‌ನದೇ ತಕರಾರು. ಒಂದು ಕಡೆ ಬರೀ ಒಂದಕ್ಷರ, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು. ಪರೀಕ್ಷೆಯ ಅನುಮತಿ ಪತ್ರದಲ್ಲಿ ಇರುವ ಹೆಸರೂ ಪಾಸ್‌ಪೋರ್ಟ್ ಹೆಸರೂ ಒಂದೇ ಆಗಿರಬೇಕು, ಇಲ್ಲದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಮಂಡ್ಯದಿಂದ ಬೆಂಗಳೂರು ಹೆಚ್ಚುಕಡಿಮೆ 100 ಕಿಲೋಮೀಟರ್, ಬೆಳಿಗ್ಗೆ ಹೊರಟರೆ ಆಗುತ್ತದೆ ಅಂತ ನಂಬಬೇಡ. ಊರೊಳಗಿನ ಟ್ರಾಫಿಕ್ ಯಾರ ಮಾತೂ ಕೇಳುವುದಿಲ್ಲ. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿದುಕೋ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಪರೀಕ್ಷೆ ಶುರುವಾಗಿ ಎರಡು ಗಂಟೆ ಆದ ಮೇಲೆ ಬ್ರೇಕ್ ಬೇಕಾ ಅಂತ ಕಂಪ್ಯೂಟರ್ ಕೇಳುತ್ತದೆ. ತಗೋ, ಎದ್ದು ಓಡಾಡಿ ನೀರು ಕುಡಿ.

ಈಗ ಅಪ್ಪನ ವಿಷಯ. ಕಬ್ಬಿನ ದುಡ್ಡಿನ ಮೇಲೆ ಕೂತು ಪರೀಕ್ಷೆ ಬರೆದರೆ ಯಾರ ಕೈಯಾದರೂ ತಣ್ಣಗಾಗುತ್ತದೆ. ಈ ಭಾನುವಾರ ಊರಿಗೆ ಹೋಗು. ಜಗಲಿಯಲ್ಲಿ ಅಪ್ಪನ ಪಕ್ಕ ಕೂತು ಹೇಳು: ‘ಅಪ್ಪಾ, ಈ ಸಲ ಆಗದಿದ್ದರೆ 45 ದಿನ ಬಿಟ್ಟು ಮತ್ತೆ ಬರೆಯಬಹುದು, ಫೀಸ್ ಮತ್ತೆ ಕಟ್ಟಬೇಕು. ಅದನ್ನು ನನ್ನ ಸಂಬಳದಲ್ಲೇ ಉಳಿಸುತ್ತೇನೆ.’ ಒಂದು ವರ್ಷ ಬೆಳೆ ಕೈಕೊಟ್ಟರೂ ಮುಂದಿನ ವರ್ಷ ನಾಟಿ ಮಾಡುವ ಮನುಷ್ಯ ಅವರು. ನೀನು ಅಂದುಕೊಂಡದ್ದಕ್ಕಿಂತ ಬೇಗ ಅವರಿಗೆ ಅರ್ಥವಾಗುತ್ತದೆ.

ಪರೀಕ್ಷೆ ಮುಗಿಸಿ ಬಂದು ನನಗೆ ಇನ್ನೊಂದು ಕಾಗದ ಬರೆ. ರಿಸಲ್ಟ್‌ಗೆ ಕಾಯಬೇಡ. ಎಷ್ಟನೇ ಪ್ರಶ್ನೆಗೆ ಕೈ ಬೆಚ್ಚಗಾಯಿತು ಅಂತ ತಿಳಿಸು.