ಓದುಗರ ಪ್ರಶ್ನೆ: ಕ್ಯಾಲಿಫೋರ್ನಿಯಾದ ಚಿನ್ನದ ಬೇಟೆಯಲ್ಲಿ ಸಟರ್‌ನ ಪಾಲೆಷ್ಟು?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಕಂಡವನು ಜೇಮ್ಸ್ ಮಾರ್ಷಲ್ ಎಂದು ಓದಿದ್ದೇನೆ. ಆದರೂ ಆ ಪ್ರಸಂಗ ಬಂದಾಗಲೆಲ್ಲ ಜಾನ್ ಸಟರ್‌ನ ಹೆಸರೇ ಮೊದಲು ಕೇಳಿಬರುವುದೇಕೆ?

ಉತ್ತರ: ಚಿನ್ನ ಮೊದಲು ಕಣ್ಣಿಗೆ ಬಿದ್ದದ್ದು ಮಾರ್ಷಲ್ಲನಿಗೇ, ಅದರಲ್ಲಿ ಸಂಶಯವಿಲ್ಲ. ಆದರೆ ಆತನನ್ನು ಆ ಜಾಗಕ್ಕೆ ಕಳುಹಿಸಿದವನು ಸಟರ್. ಸುದ್ದಿಯನ್ನು ಮುಚ್ಚಿಡಲು ಹೊರಟವನೂ ಅವನೇ. ಆ ಸುದ್ದಿ ಸೋರಿದ್ದು ಕೂಡ ಬಹುಮಟ್ಟಿಗೆ ಅವನದೇ ಜನರ ಮೂಲಕ.

ಊರಿನಲ್ಲಿ ಸಾಲಗಾರರ ಕಾಟ ತಾಳಲಾರದೆ ಹೆಂಡತಿ ಮಕ್ಕಳನ್ನು ಬಿಟ್ಟು 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಹೊರಟ ಸಟರ್, ಅಲ್ಲಿ ಇಲ್ಲಿ ಅಲೆದು 1839ರಲ್ಲಿ ಕ್ಯಾಲಿಫೋರ್ನಿಯಾ ತಲುಪಿದ. ಅದು ಆಗ ಮೆಕ್ಸಿಕೋದ ಪ್ರಾಂತ. ಮರುವರ್ಷ ಆತ ಮೆಕ್ಸಿಕೋದ ಪ್ರಜೆಯಾದ. 1841ರಲ್ಲಿ ಗವರ್ನರ್ ಆಲ್ವರಾಡೊನಿಂದ ಸುಮಾರು 48,000 ಎಕರೆ ಭೂಮಿಯನ್ನು ದಾನವಾಗಿ ಪಡೆದ. ಸ್ಯಾಕ್ರಮೆಂಟೊ ಮತ್ತು ಅಮೆರಿಕನ್ ನದಿಗಳು ಕೂಡುವ ಕಡೆ ಕೋಟೆ ಕಟ್ಟಿ, ಗೋಧಿ ಬೆಳೆದು, ದನ ಸಾಕಿ, ಆ ನೆಲೆಗೆ ‘ನ್ಯೂ ಹೆಲ್ವೇಷಿಯಾ’ ಎಂದು ಹೆಸರಿಟ್ಟ. ಪೂರ್ವದಿಂದ ಬೆಟ್ಟ ದಾಟಿ ಬಂದು ಸುಸ್ತಾದವರಿಗೆ ಊಟ, ಕೆಲಸ ಕೊಡುತ್ತಿದ್ದ ಉದಾರಿ ಎಂಬ ಖ್ಯಾತಿ ಅವನಿಗಿತ್ತು. ಆದರೆ ಹೊಲಗಳಲ್ಲಿ ದುಡಿಯುತ್ತಿದ್ದವರು ನಿಸೆನಾನ್ ಮತ್ತು ಮಿವೋಕ್ ಮೂಲನಿವಾಸಿಗಳು. ಅವರಲ್ಲಿ ಅನೇಕರನ್ನು ಬಲವಂತದಿಂದ ದುಡಿಸಲಾಗುತ್ತಿತ್ತು, ದನಗಳಿಗೆ ಹಾಕುವಂತೆ ಮರದ ಬಾನಿಗಳಲ್ಲಿ ಅವರಿಗೆ ಗಂಜಿ ಹಾಕಲಾಗುತ್ತಿತ್ತು ಎಂದು ಕೋಟೆಗೆ ಬಂದು ಹೋದ ಪ್ರವಾಸಿಗಳೇ ಬರೆದಿಟ್ಟಿದ್ದಾರೆ. ಸಟರ್‌ನ ಉದಾರತೆಯನ್ನು ಹೊಗಳುವವರು ಈ ಬಾನಿಗಳನ್ನು ಮರೆಯಬಾರದು.

ಬೆಳೆಯುತ್ತಿದ್ದ ನೆಲೆಗೆ ಹಲಗೆಗಳು ಬೇಕಾದವು. ಅದಕ್ಕಾಗಿ 1847ರಲ್ಲಿ ಸಟರ್ ಬಡಗಿ ಮಾರ್ಷಲ್ಲನೊಡನೆ ಪಾಲುಗಾರಿಕೆಯ ಒಪ್ಪಂದ ಮಾಡಿಕೊಂಡು, ಕೋಟೆಯಿಂದ ಸುಮಾರು 70 ಕಿಲೋಮೀಟರ್ ದೂರದ ಕೊಲೋಮಾದಲ್ಲಿ ಮರ ಕೊಯ್ಯುವ ಗಿರಣಿ ಕಟ್ಟಿಸತೊಡಗಿದ. ಚಕ್ರ ತಿರುಗಿಸಿದ ನೀರು ಹೊರಹೋಗುವ ಕಾಲುವೆ ಸಾಕಷ್ಟು ಆಳವಿರಲಿಲ್ಲ. ಆದ್ದರಿಂದ ಹಗಲು ಅಗೆದು, ರಾತ್ರಿ ನೀರು ಬಿಟ್ಟು, ಸಡಿಲವಾದ ಮಣ್ಣು ಕೊಚ್ಚಿಹೋಗುವಂತೆ ಮಾಡುತ್ತಿದ್ದರು. 1848ರ ಜನವರಿ 24ರ ಬೆಳಿಗ್ಗೆ ಆ ಕಾಲುವೆಯನ್ನು ನೋಡಲು ಇಳಿದ ಮಾರ್ಷಲ್ಲನಿಗೆ ತಳದಲ್ಲಿ ಹಳದಿ ಚೂರುಗಳು ಕಂಡವು. ಗಿರಣಿಯ ಅಡುಗೆಯ ಹೆಂಗಸು ಒಂದು ಚೂರನ್ನು ಸಾಬೂನು ಕಾಯಿಸುವ ಕ್ಷಾರದ ಪಾತ್ರೆಯಲ್ಲಿ ಹಾಕಿ ಕುದಿಸಿದರೂ ಅದರ ಬಣ್ಣ ಕೆಡಲಿಲ್ಲ. ನಾಲ್ಕು ದಿನಗಳ ಬಳಿಕ ಕೋಟೆಯ ಬಾಗಿಲು ಹಾಕಿದ ಕೋಣೆಯಲ್ಲಿ ಸಟರ್ ಮತ್ತು ಮಾರ್ಷಲ್ ಇಬ್ಬರೇ ಕುಳಿತು, ನೈಟ್ರಿಕ್ ಆಮ್ಲ ಹಾಕಿಯೂ ಬೆಳ್ಳಿಯ ಜೊತೆ ತೂಗಿಯೂ ನೋಡಿ ಇದು ಚಿನ್ನವೇ ಎಂದು ಖಚಿತಪಡಿಸಿಕೊಂಡರು.

ಸಟರ್‌ಗೆ ಸಂತೋಷಕ್ಕಿಂತ ಆತಂಕವೇ ಹೆಚ್ಚಾಯಿತು. ಆಳುಗಳೆಲ್ಲ ಚಿನ್ನದ ಹಿಂದೆ ಓಡಿದರೆ ಗಿರಣಿಯ ಕೆಲಸ ನಿಲ್ಲುತ್ತದೆ, ಹೊಲ ಪಾಳು ಬೀಳುತ್ತದೆ. ಆದ್ದರಿಂದ ಆರು ವಾರ ಬಾಯಿ ಬಿಡಬಾರದೆಂದು ಕೆಲಸಗಾರರಿಂದ ಮಾತು ತೆಗೆದುಕೊಂಡ. ಆ ಮಾತನ್ನು ಮುರಿಯುವ ದಾರಿಗಳನ್ನು ತಾನೇ ತೆರೆದ ಎಂಬುದು ಇಲ್ಲಿನ ಸೋಜಿಗ. ಕೊಲೋಮಾ ಅವನ ದಾನಭೂಮಿಯ ಹೊರಗಿತ್ತು. ಅದಕ್ಕಾಗಿ ಸ್ಥಳೀಯ ಮೂಲನಿವಾಸಿಗಳಿಂದ ಗುತ್ತಿಗೆ ಬರೆಸಿಕೊಂಡು, ಮಂಜೂರಾತಿಗೆಂದು ಮಾಂಟೆರೆಯಲ್ಲಿದ್ದ ಅಮೆರಿಕದ ಸೇನಾ ಗವರ್ನರ್ ಮೇಸನ್ನನ ಬಳಿಗೆ ಆಳು ಕಳುಹಿಸಿದ. ಮೇಸನ್ ಒಪ್ಪಲಿಲ್ಲ, ಹೋದವನು ದಾರಿಯಲ್ಲೇ ಚಿನ್ನದ ಮಾತಾಡಿದ. ಸಟರ್ ತಾನೇ ಪತ್ರದಲ್ಲಿ ವಾಲೆಹೊ ಎಂಬ ಗಣ್ಯನಿಗೆ ಈ ವಿಷಯ ತಿಳಿಸಿದ. ಸಾಲದೆಂಬಂತೆ, ಗಿರಣಿಗೆ ದಿನಸಿ ಒಯ್ದಿದ್ದ ಅವನದೇ ಗಾಡಿಯವನೊಬ್ಬ ಮರಳಿ ಬಂದು ಕೋಟೆಯ ಪಕ್ಕದ ಅಂಗಡಿಯಲ್ಲಿ ಬ್ರಾಂದಿಗೆ ಚಿನ್ನವನ್ನೇ ಕೊಟ್ಟ. ಅಂಗಡಿಯವರು ವಿಚಾರಿಸಿದಾಗ ಸಟರ್ ನಿಜ ಒಪ್ಪಿಕೊಳ್ಳಬೇಕಾಯಿತು. ಆ ಅಂಗಡಿಯ ಪಾಲುಗಾರ ಸ್ಯಾಮ್ ಬ್ರ್ಯಾನನ್ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಚಿನ್ನದ ಪುಡಿಯ ಸೀಸೆ ಎತ್ತಿ ಹಿಡಿದು ಕೂಗುತ್ತಾ ನಡೆದ. ಅಗೆಯುವವರಿಗೆ ಬೇಕಾದ ಸಾಮಾನನ್ನು ಅಷ್ಟರಲ್ಲಿ ಶೇಖರಿಸಿಯೂ ಇಟ್ಟಿದ್ದ. ಡಿಸೆಂಬರ್ 5ರಂದು ಅಧ್ಯಕ್ಷ ಪೋಕ್ ಕಾಂಗ್ರೆಸ್ಸಿಗೆ ಕಳುಹಿಸಿದ ಸಂದೇಶದಲ್ಲಿ ಸುದ್ದಿಯನ್ನು ದೃಢಪಡಿಸಿದ ಮೇಲೆ, 1849ರಿಂದ ಜಗತ್ತಿನ ನಾನಾ ಕಡೆಯ ಜನ ಹರಿದುಬಂದರು.

ಪ್ರಶ್ನೆ: ಚಿನ್ನವೇ ಸಟರ್‌ನನ್ನು ಹಾಳುಮಾಡಿತು ಎನ್ನುವುದು ನಿಜವೇ?

ಉತ್ತರ: ಅರ್ಧ ನಿಜ. ಆಳುಗಳು ಬಿಟ್ಟುಹೋದರು, ದನಗಳು ಕಳವಾದವು, ಬಂದವರು ಅವನ ನೆಲದಲ್ಲಿ ಗುಡಿಸಲು ಹಾಕಿಕೊಂಡು ಕೂತರು. ಆದರೆ ಆತ ಮೊದಲೇ ಸಾಲದಲ್ಲಿ ಮುಳುಗಿದ್ದ. ರಷ್ಯನ್ನರಿಂದ 1841ರಲ್ಲಿ 30,000 ಡಾಲರಿಗೆ ಕೊಂಡ ಫೋರ್ಟ್ ರಾಸ್‌ನ ಸ್ವತ್ತಿನ ಹಣವನ್ನು ಏಳು ವರ್ಷ ಕಳೆದರೂ ತೀರಿಸಿರಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1858ರಲ್ಲಿ ಅವನ ಮೊದಲ ಭೂದಾನವನ್ನು ಎತ್ತಿಹಿಡಿದು, 1845ರಲ್ಲಿ ಸಿಕ್ಕಿದ್ದ ಎರಡನೆಯದನ್ನು ತಳ್ಳಿಹಾಕಿತು. ಕ್ಯಾಲಿಫೋರ್ನಿಯಾ ರಾಜ್ಯವು 1864ರಿಂದ ಕೆಲವು ವರ್ಷ ಅವನಿಗೆ ತಿಂಗಳಿಗೆ 250 ಡಾಲರ್ ಕೊಟ್ಟಿತು. ಉಳಿದ ನಷ್ಟಕ್ಕೆ ಪರಿಹಾರ ಕೇಳುತ್ತಾ ವರ್ಷಗಟ್ಟಲೆ ಕಾಂಗ್ರೆಸ್ಸಿಗೆ ಅರ್ಜಿ ಹಾಕಿದ ಸಟರ್, 1880ರ ಜೂನ್ 18ರಂದು ವಾಷಿಂಗ್ಟನ್ನಿನಲ್ಲಿ ತೀರಿಕೊಂಡ; ಅದಕ್ಕೆ ಎರಡೇ ದಿನ ಮೊದಲು ಕಾಂಗ್ರೆಸ್ಸು ಅರ್ಜಿಯನ್ನು ಇತ್ಯರ್ಥ ಮಾಡದೆ ಅಧಿವೇಶನ ಮುಗಿಸಿತ್ತು.