ಓದುಗರ ಪ್ರಶ್ನೆ: ರಿಂಗಿಗೆ ಬೆನ್ನು ಕೊಟ್ಟು ಆಡುವ ಆಟ ಇಂದಿಗೂ ನಡೆಯುತ್ತದೆಯೇ?

ಪ್ರಶ್ನೆ: ನಾನು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಸೆಂಟರ್ (ರಿಂಗಿನ ಬಳಿ ಆಡುವ ಎತ್ತರದ ಆಟಗಾರ) ಸ್ಥಾನದಲ್ಲಿ ಆಡುತ್ತೇನೆ. ನಮ್ಮ ತರಬೇತುದಾರರು ಡ್ರಾಪ್ ಸ್ಟೆಪ್ (ಒಂದು ಕಾಲನ್ನು ಹಿಂದಿಟ್ಟು ರಕ್ಷಕನನ್ನು ದಾಟಿ ರಿಂಗಿನತ್ತ ತಿರುಗುವುದು), ಹುಕ್ ಶಾಟ್ (ಪಕ್ಕಕ್ಕೆ ತಿರುಗಿ ಒಂದೇ ಕೈಯಿಂದ ತಲೆಯ ಮೇಲಿಂದ ಹೊಡೆಯುವುದು), ಅಪ್ ಅಂಡ್ ಅಂಡರ್‌ಗಳನ್ನೇ (ಶಾಟ್ ಹೊಡೆಯುವಂತೆ ನಟಿಸಿ ರಕ್ಷಕನ ಕೈಯಡಿಯಿಂದ ನುಗ್ಗುವುದು) ಪ್ರತಿದಿನ ಅಭ್ಯಾಸ ಮಾಡಿಸುತ್ತಾರೆ. ಈಗಿನ ರಕ್ಷಣೆಯ ಎದುರು ಇವು ನಡೆಯುವುದಿಲ್ಲ, ಅದರ ಬದಲು ಮೂರು ಪಾಯಿಂಟಿನ ಶಾಟ್ ಕಲಿ ಎಂದು ಗೆಳೆಯರು ಹೇಳುತ್ತಾರೆ. ಯಾರ ಮಾತು ಸರಿ? (ಮೈಸೂರಿನ ಓದುಗರೊಬ್ಬರು)

ಉತ್ತರ: ನಿಮ್ಮ ತರಬೇತುದಾರರ ಮಾತೇ ಸರಿ; ಆದರೆ ಗೆಳೆಯರ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಹಳೆಯ ಚಲನೆಗಳು ಕೆಲಸ ಮಾಡುವುದನ್ನು ನಿಲ್ಲಿಸಿಲ್ಲ, ಅವುಗಳಿಗೆ ಸಿಗುತ್ತಿದ್ದ ಜಾಗ ಮತ್ತು ಸಮಯ ಕಡಿಮೆಯಾಗಿವೆ.

ಹಕೀಮ್ ಒಲಾಜುವಾನ್ 1994 ಮತ್ತು 1995ರಲ್ಲಿ ಸೆಂಟರ್ ಆಗಿ ಹ್ಯೂಸ್ಟನ್ ತಂಡವನ್ನು ಗೆಲ್ಲಿಸಿದ ಕಾಲದಲ್ಲಿ, ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ನಿಯಮದ ಪ್ರಕಾರ ರಕ್ಷಕನು ತನ್ನ ಎದುರಾಳಿಯ ಬಳಿ ಇರಬೇಕಿತ್ತು, ಇಲ್ಲವೇ ಚೆಂಡು ಹಿಡಿದವನ ಮೇಲೆ ನೇರವಾಗಿ ಹೋಗಬೇಕಿತ್ತು. ಎರಡರ ನಡುವೆ ಸುಮ್ಮನೆ ಕಾಯುತ್ತ ನಿಲ್ಲುವಂತಿರಲಿಲ್ಲ. ಹಾಗಾಗಿ ಒಲಾಜುವಾನ್‌ಗೆ ಚೆಂಡು ಕೊಟ್ಟು ಉಳಿದ ನಾಲ್ವರು ದೂರ ಸರಿದರೆ, ಅವರ ರಕ್ಷಕರೂ ದೂರ ಸರಿಯಬೇಕಾಗುತ್ತಿತ್ತು. ಎರಡು ಮೂರು ಡ್ರಿಬಲ್ ಮಾಡಿ, ಭುಜದಿಂದ ಒತ್ತಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನಟಿಸಿ ಶಾಟ್ ಹೊಡೆಯುವಷ್ಟು ಬಿಡುವು ಅವರಿಗೆ ಸಿಗುತ್ತಿತ್ತು. 2001-02ರ ಋತುವಿನಿಂದ ಆ ನಿಯಮ ಹೋಗಿ ಝೋನ್ ರಕ್ಷಣೆಗೆ, ಅಂದರೆ ಒಬ್ಬೊಬ್ಬ ಎದುರಾಳಿಯ ಬದಲು ಜಾಗವನ್ನು ಕಾಯುವುದಕ್ಕೆ, ಅವಕಾಶವಾಯಿತು. ಅದಕ್ಕೂ ಮೊದಲೇ, 1999-2000ರಲ್ಲಿ, ರಿಂಗಿಗೆ ಬೆನ್ನು ಮಾಡಿ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಡ್ರಿಬಲ್ ಮಾಡುತ್ತ ಎದುರಾಳಿಯನ್ನು ಹಿಂದೆ ತಳ್ಳುವುದಕ್ಕೂ ತಡೆ ಬಿದ್ದಿತ್ತು.

ನಿಯಮಕ್ಕಿಂತ ದೊಡ್ಡ ಹೊಡೆತ ಕೊಟ್ಟಿದ್ದು ಲೆಕ್ಕ. ಎರಡು ಪಾಯಿಂಟಿನ ಶಾಟ್‌ಗಳಲ್ಲಿ ನೂರಕ್ಕೆ 50 ಬಿದ್ದರೆ 100 ಪಾಯಿಂಟ್. ಮೂರು ಪಾಯಿಂಟಿನವುಗಳಲ್ಲಿ ನೂರಕ್ಕೆ 35 ಬಿದ್ದರೂ 105. ಪೋಸ್ಟ್‌ನಲ್ಲಿ (ರಿಂಗಿನ ಬಳಿ, ಅದಕ್ಕೆ ಬೆನ್ನು ಕೊಟ್ಟು ಆಡುವ ಜಾಗ) ಕಷ್ಟಪಟ್ಟು, ಹಿಂದಕ್ಕೆ ವಾಲುತ್ತ ಹೊಡೆಯುವ ಫೇಡ್ ಅವೇ ಶಾಟ್ ನೂರಕ್ಕೆ ಐವತ್ತರಷ್ಟು ಬೀಳುವುದೇ ಅಪರೂಪವಾದ್ದರಿಂದ, ಎದುರಾಳಿ ತಂಡವೇ ಅಂಥ ಶಾಟ್‌ಗಳಿಗೆ ಸಂತೋಷದಿಂದ ದಾರಿ ಬಿಡುತ್ತದೆ. ನಿಮ್ಮ ಗೆಳೆಯರ ವಾದದ ನಿಜವಾದ ಬಲ ಇರುವುದು ಇಲ್ಲಿಯೇ.

ಹಾಗಿದ್ದರೂ 2023ರ ಎನ್‌ಬಿಎ ಫೈನಲ್ಸ್ ನೋಡಿ. ಝೋನ್ ರಕ್ಷಣೆಗೆ ಹೆಸರಾದ ಮಯಾಮಿ ತಂಡವನ್ನು ಡೆನ್ವರ್ 4-1ರಿಂದ ಸೋಲಿಸಿತು. ಅದರ ಸೆಂಟರ್ ನಿಕೋಲಾ ಯೋಕಿಚ್ ಮೂರನೆಯ ಪಂದ್ಯದಲ್ಲಿ 32 ಪಾಯಿಂಟ್, 21 ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು) ಮತ್ತು 10 ಅಸಿಸ್ಟ್ (ಸಹ ಆಟಗಾರ ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್) ಗಳಿಸಿದರು. ಅವರು ಹೆಚ್ಚು ಎತ್ತರಕ್ಕೆ ಜಿಗಿಯುವವರಲ್ಲ, ವೇಗದ ಓಟಗಾರರೂ ಅಲ್ಲ. ಅವರ ಹುಕ್ ಶಾಟ್, ಪಿವಟ್ (ಒಂದು ಕಾಲನ್ನು ಊರಿಕೊಂಡೇ ತಿರುಗುವುದು), ಅಪ್ ಅಂಡ್ ಅಂಡರ್ ಎಲ್ಲವೂ ಹಳೆಯ ಪಾಠಗಳೇ. ಹೊಸದೆಂದರೆ, ಎರಡನೆಯ ರಕ್ಷಕ ಎಲ್ಲಿಂದ ಬರುತ್ತಾನೆ ಎಂಬುದು ಚೆಂಡು ಕೈಗೆ ಬರುವ ಮೊದಲೇ ಅವರಿಗೆ ತಿಳಿದಿರುತ್ತದೆ. ಆ ರಕ್ಷಕ ಬಂದರೆ ಅವನು ಬಿಟ್ಟುಬಂದ ಸಹ ಆಟಗಾರನಿಗೆ ಚೆಂಡು ಹೋಗುತ್ತದೆ. ಬಾರದಿದ್ದರೆ ಒಬ್ಬನೇ ರಕ್ಷಕನ ಎದುರು ಹುಕ್ ಶಾಟ್ ಬೀಳುತ್ತದೆ. ಇಂದಿನ ಪೋಸ್ಟ್ ಆಟದಲ್ಲಿ ಪಾಸ್ ಎಂಬುದು ಶಾಟ್ ಸಿಗದಾಗಿನ ಎರಡನೆಯ ದಾರಿಯಲ್ಲ. ಹುಕ್ ಶಾಟ್‌ಗೆ ಜಾಗ ಮಾಡಿಕೊಡುವುದೇ ಆ ಪಾಸಿನ ಭಯ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ಭಾರತದಲ್ಲಿ ನಾವು ಆಡುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಗಳಂತೆ. ಎನ್‌ಬಿಎಯಲ್ಲಿ ಯಾರನ್ನೂ ಕಾಯದೆ ಪೇಂಟ್ (ರಿಂಗಿನ ಮುಂದೆ ಗುರುತಿಸಿದ ಆಯತ) ಒಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದು ರಕ್ಷಕನಿಗೆ ತಪ್ಪು. ಫಿಬಾದಲ್ಲಿ ಆ ತಡೆ ಇಲ್ಲ. ಎದುರಾಳಿಯ ಎತ್ತರದ ಆಟಗಾರ ರಿಂಗಿನ ಕೆಳಗೇ ನಿಂತಿರಬಹುದು. ಆದ್ದರಿಂದ ನಿಧಾನವಾಗಿ ತಳ್ಳುತ್ತ ಒಳಹೋಗುವ ಅಭ್ಯಾಸವನ್ನು ಬಿಟ್ಟುಬಿಡಿ. ಚೆಂಡು ಬರುವ ಮೊದಲೇ ಕಾಲೂರಿ, ರಕ್ಷಕನನ್ನು ಬೆನ್ನ ಹಿಂದೆ ಕಟ್ಟಿಹಾಕಿ, ರಿಂಗಿಗೆ ಆದಷ್ಟು ಹತ್ತಿರದಲ್ಲಿ ಚೆಂಡು ಪಡೆಯಿರಿ. ಒಂದೇ ಡ್ರಿಬಲ್‌ನಲ್ಲಿ ಮುಗಿಸಿ. ರಕ್ಷಕ ನಿಮ್ಮ ಮುಂದೆ ಬಂದು ನಿಂತು ಪಾಸ್ ತಡೆಯುತ್ತಿದ್ದರೆ, ಫ್ರೀ ಥ್ರೋ ಗೆರೆಯ ಬಳಿ ನಿಂತ ಸಹ ಆಟಗಾರನ ಮೂಲಕ ಅವನ ತಲೆಯ ಮೇಲಿಂದ ಚೆಂಡು ತರಿಸಿಕೊಳ್ಳಿ.

ನಿಮ್ಮ ತರಬೇತುದಾರರು ಕಲಿಸುವ ಮೂರು ಚಲನೆಗಳಲ್ಲಿ ಮೊದಲು ಯಾವುದನ್ನು ಗಟ್ಟಿಮಾಡಿಕೊಳ್ಳಬೇಕೆಂದು ಕೇಳಿದರೆ, ಹುಕ್ ಶಾಟ್ ಎನ್ನುತ್ತೇನೆ. ಚೆಂಡಿಗೂ ರಕ್ಷಕನಿಗೂ ನಡುವೆ ಇಡೀ ದೇಹ ಅಡ್ಡವಿರುವುದರಿಂದ ಅದನ್ನು ತಡೆಯುವುದು ಬಹಳ ಕಷ್ಟ. ಹಿಂದಿನ ಎನ್‌ಬಿಎ ಸೆಂಟರ್ ಕರೀಂ ಅಬ್ದುಲ್ ಜಬ್ಬಾರ್ ಅವರು ಗಳಿಸಿದ 38,387 ಪಾಯಿಂಟ್‌ಗಳ ಬೆನ್ನೆಲುಬು ಅದೇ ಆಗಿತ್ತು. ಅಪ್ ಅಂಡ್ ಅಂಡರ್‌ನ ಬೆಲೆ ಮಾತ್ರ ಸ್ವಲ್ಪ ಇಳಿದಿದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನಟನೆಗೆ ಹಾರಿ ಮೋಸಹೋಗದೆ, ಕೈ ಎತ್ತಿ ನೇರವಾಗಿ ನಿಲ್ಲುವುದನ್ನು ಈಗಿನ ರಕ್ಷಕರಿಗೆ ಮೊದಲಿನಿಂದಲೂ ಕಲಿಸಲಾಗುತ್ತದೆ. ನಿಮ್ಮ ಹುಕ್ ಶಾಟ್ ಎರಡು ಬಾರಿ ಬಿದ್ದ ಮೇಲೆ ಅದೇ ನಟನೆ ಮಾಡಿ ನೋಡಿ, ಆಗ ಅವರೂ ಹಾರುತ್ತಾರೆ.

ಪ್ರಶ್ನೆ: ನನ್ನ ಮಗಳು ಶಾಲಾ ತಂಡದಲ್ಲಿ ಗಾರ್ಡ್ (ರಿಂಗಿನಿಂದ ದೂರದಲ್ಲಿ ಚೆಂಡು ನಡೆಸುವ ಆಟಗಾರ್ತಿ). ಎತ್ತರ ಕಡಿಮೆ. ಅವಳಿಗೆ ಪೋಸ್ಟ್ ಆಟ ಕಲಿಸುವುದು ವ್ಯರ್ಥವೇ? (ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಖಂಡಿತ ಕಲಿಸಿ. ಮೇಲೆ ಹೇಳಿದ ಐದು ಸೆಕೆಂಡಿನ ನಿಯಮವನ್ನು ಜನ ಇಂದಿಗೂ ಮಾರ್ಕ್ ಜಾಕ್ಸನ್ ಹೆಸರಿನಿಂದ ಕರೆಯುತ್ತಾರೆ, ಹಾಗೆ ಬೆನ್ನು ಮಾಡಿ ತಳ್ಳುತ್ತ ಆಡುವುದಕ್ಕೆ ಹೆಸರಾಗಿದ್ದ ಅವರು ಗಾರ್ಡ್ ಆಗಿದ್ದರು. ಇಂದಿನ ರಕ್ಷಣೆಯಲ್ಲಿ ಆಟಗಾರರು ಪದೇಪದೇ ಎದುರಾಳಿಯನ್ನು ಬದಲಿಸಿಕೊಳ್ಳುವುದರಿಂದ, ಪೋಸ್ಟ್‌ನಲ್ಲಿ ನಿಂತು ಅಭ್ಯಾಸವಿಲ್ಲದ ಹುಡುಗಿ ನಿಮ್ಮ ಮಗಳ ಎದುರು ಬರುವ ಸಂದರ್ಭಗಳು ಸಾಕಷ್ಟು ಸಿಗುತ್ತವೆ. ಭುಜಬಲದ ಚಲನೆಗಳನ್ನು ಸದ್ಯಕ್ಕೆ ಬದಿಗಿಟ್ಟು, ಎರಡೂ ಕಾಲಿನ ಮೇಲೆ ಪಿವಟ್ ಮಾಡುವುದನ್ನು ಮತ್ತು ಎರಡೂ ಕೈಯಿಂದ ಚಿಕ್ಕ ಹುಕ್ ಶಾಟ್ ಹೊಡೆಯುವುದನ್ನು ಕಲಿಸಿದರೆ ಸಾಕು.